ಅಕ್ಕ ಹಾಕಿದ 420 ಕೇಸ್ ಹೈಕೋರ್ಟ್‌ನಲ್ಲಿ ಕ್ವಾಶ್ (ರದ್ದು) ಆಗುತ್ತಾ?

ತೆಂಗಿನತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಜಿಲ್ಲೆ, ಹಳ್ಳಿ ಹೆಸರು ಬೇಡ. ಅಮ್ಮ ಮೊದಲೇ ಹೋಗಿದ್ದರು, ಅಪ್ಪ 2019ರಲ್ಲಿ ತೀರಿಕೊಂಡರು. ಇರೋದು 3 ಎಕರೆ 10 ಗುಂಟೆ ಜಮೀನು. ಅಣ್ಣ ಓಡಾಡಿ ಪೌತಿ ಖಾತೆ (ತೀರಿಕೊಂಡವರ ಜಮೀನಿನ ಖಾತೆ ವಾರಸುದಾರರ ಹೆಸರಿಗೆ) ಮಾಡಿಸಿದ. 2023ರಲ್ಲಿ ರಸ್ತೆ ಪಕ್ಕದ 30 ಗುಂಟೆ ಮಾರಿದೆವು. ಕ್ರಯಪತ್ರಕ್ಕೆ ನಾವಿಬ್ಬರೂ ಸಹಿ ಹಾಕಿದ್ದೇವೆ.

ಈಗ ಅಕ್ಕ ಕೋರ್ಟಿನಲ್ಲಿ ಖಾಸಗಿ ದೂರು ಕೊಟ್ಟು, ಅಲ್ಲಿಂದ ಠಾಣೆಗೆ ಬಂದು ಎಫ್‌ಐಆರ್ ಆಗಿದೆ. ಐಪಿಸಿ 420 (ಮೋಸ), 465, 468, 471 (ಸುಳ್ಳು ದಾಖಲೆ ಮಾಡಿದ್ದು, ಬಳಸಿದ್ದು). ಅಣ್ಣ ಎ1 (ಮೊದಲ ಆರೋಪಿ), ನಾನು ಎ2. ಅಕ್ಕನ ಮದುವೆ 1991ರಲ್ಲೇ ಆಗಿದೆ. ಅಪ್ಪ ಆಗಿನ ಕಾಲಕ್ಕೆ ಸಾಲ ಮಾಡಿ ಚೆನ್ನಾಗಿಯೇ ಮಾಡಿಕೊಟ್ಟಿದ್ದರು. ಇದು ಮನೆ ವಿಷಯ, ಹೆಚ್ಚೆಂದರೆ ಸಿವಿಲ್. ನಮ್ಮ ವಕೀಲರು ಹೈಕೋರ್ಟಿಗೆ ಹೋಗಿ ಕ್ವಾಶ್ ಮಾಡಿಸೋಣ ಅನ್ನುತ್ತಾರೆ. ಆಗುತ್ತಾ? ಅಷ್ಟರಲ್ಲಿ ಅರೆಸ್ಟ್ ಮಾಡ್ತಾರಾ? ನಾನು ಸರ್ಕಾರಿ ಶಾಲೆ ಮೇಷ್ಟ್ರು, ಅದೇ ಭಯ.

ಎರಡನೇ_ಅಳಿಯ:
ಆಗುತ್ತೆ ಬಿಡಿ. ಮನೆಯವರ ಜಗಳಕ್ಕೆ 420 ನಿಲ್ಲೋದಿಲ್ಲ.

ಕೆಂಪುಬಸ್ಸು:
420 ಅನ್ನೋದೇ ಈಗಿಲ್ಲವಲ್ಲ? 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, 318(4). ಎಫ್‌ಐಆರ್‌ನಲ್ಲಿ ಹಳೇ ಸೆಕ್ಷನ್ ಹಾಕಿದ್ದರೆ ಅದೇ ತಪ್ಪು. ಅದೊಂದೇ ಕಾರಣಕ್ಕೆ ರದ್ದಾಗುತ್ತೆ!

ಕರಿಕೋಟು:
ಕೆಂಪುಬಸ್ಸು ಅವರೇ, ಹಾಗಲ್ಲ. ಕೃತ್ಯ ನಡೆದದ್ದು ಯಾವಾಗ ಅನ್ನೋದು ಮುಖ್ಯ. 2023ರಲ್ಲಿ ನಡೆದದ್ದಕ್ಕೆ ಇವತ್ತು ಎಫ್‌ಐಆರ್ ಆದರೂ ಐಪಿಸಿಯೇ. ಕೇಸ್ ನಡೆಯುವ ವಿಧಾನ ಮಾತ್ರ ಹೊಸ ಸಂಹಿತೆಯದ್ದು, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್). ಹಾಗಾಗಿ ಕ್ವಾಶ್ ಅರ್ಜಿ ಈಗ ಬಿಎನ್‌ಎಸ್‌ಎಸ್ 528ರಡಿ. ಮೊದಲು ಇದು ಸಿಆರ್‌ಪಿಸಿ 482 ಆಗಿತ್ತು. ತಮಾಷೆ ಏನೆಂದರೆ ಹೊಸ ಸಂಹಿತೆಯಲ್ಲಿ 482 ಅಂದರೆ ನಿರೀಕ್ಷಣಾ ಜಾಮೀನು! ಮೊನ್ನೆ ನಮ್ಮ ಜೂನಿಯರ್‌ಗೆ "482 ರೆಡಿ ಮಾಡಪ್ಪ" ಅಂದೆ. ಜಾಮೀನು ಅರ್ಜಿ ಟೈಪ್ ಮಾಡಿಟ್ಟಿದ್ದ.

ಬೆಣ್ಣೆದೋಸೆ:
ಹಾಗಾದರೆ ಇನ್ನು ಮೇಲೆ ಯಾರಿಗಾದರೂ ಬೈಯೋದಾದರೆ "ಅವನೊಬ್ಬ ಮುನ್ನೂರ ಹದಿನೆಂಟು" ಅನ್ನಬೇಕಾ? ಬಾಯಿಗೇ ಹತ್ತೋದಿಲ್ಲ.

ಹಳೇ_ರೈಟರ್:
ಮೇಷ್ಟ್ರೇ, ಮೊದಲು ಅರೆಸ್ಟ್ ವಿಷಯ. ನಾನು 31 ವರ್ಷ ಸ್ಟೇಷನ್‌ನಲ್ಲಿ ಇದ್ದವನು. ನಿಮ್ಮ ಮೇಲಿರೋದೆಲ್ಲ 7 ವರ್ಷದವರೆಗಿನ ಶಿಕ್ಷೆಯ ಸೆಕ್ಷನ್. 467 (ಆಸ್ತಿಪತ್ರದಂಥ ದಾಖಲೆ ನಕಲಿ ಮಾಡಿದ್ದು) ಹಾಕಿಲ್ಲ, ಅದು ಜೀವಾವಧಿವರೆಗೆ ಹೋಗುತ್ತೆ. 2014ರ ಅರ್ನೇಶ್ ಕುಮಾರ್ ತೀರ್ಪು ಬಂದ ಮೇಲೆ ಇಂಥದ್ದರಲ್ಲಿ ಸುಮ್ನೆ ಹಿಡಿದು ಒಳಗೆ ಹಾಕುವ ಹಾಗಿಲ್ಲ. ಮೊದಲು ನೋಟಿಸ್ ಕೊಡಬೇಕು, ಈಗ ಬಿಎನ್‌ಎಸ್‌ಎಸ್ 35(3) ನೋಟಿಸ್. ಬಂದರೆ ಹೋಗಿ, ಹೇಳಿಕೆ ಕೊಡಿ. ನೋಟಿಸ್ ಬಂದರೂ ತಲೆ ಮರೆಸಿಕೊಂಡರೆ ಮಾತ್ರ ಎಡವಟ್ಟು.

ತೆಂಗಿನತೋಟ:
ತುಂಬಾ ಥ್ಯಾಂಕ್ಸ್ ಸರ್. ಎರಡು ದಿನದಿಂದ ನಿದ್ದೆ ಇರಲಿಲ್ಲ.

ಶಾರದಕ್ಕ:
ನನಗೊಂದು ಪ್ರಶ್ನೆ. ಪೌತಿ ಖಾತೆಗೆ ವಂಶವೃಕ್ಷ ಕೊಡಬೇಕಲ್ಲ? ಅದರಲ್ಲಿ ಅಕ್ಕನ ಹೆಸರು ಇತ್ತಾ?

ಎರಡನೇ_ಅಳಿಯ:
1991ರಲ್ಲಿ ಮದುವೆ ಆದವರಿಗೆ ಏನೂ ಇಲ್ಲ ಮೇಡಂ. ಕರ್ನಾಟಕದಲ್ಲಿ 1994ರಲ್ಲಿ ಹೆಣ್ಣುಮಕ್ಕಳಿಗೆ ಪಾಲು ಅಂತ ತಿದ್ದುಪಡಿ ಬಂತು. ಅದಕ್ಕೂ ಮೊದಲು ಮದುವೆ ಆಗಿದ್ದರೆ ಪಾಲಿಲ್ಲ ಅಂತ ಅದರಲ್ಲೇ ಇದೆ.

ಕರಿಕೋಟು:
ನೀವು ಹೇಳಿದ್ದು 1994ಕ್ಕೆ ಸರಿ. ಆಮೇಲೆ 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂತು. ಅದರಲ್ಲಿ ಮದುವೆಯ ಮಾತೇ ಇಲ್ಲ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು, ಮಗಳಿಗೆ ಹಕ್ಕು ಹುಟ್ಟಿನಿಂದಲೇ ಅಂತ. ಇವರ ಜಮೀನು ಪಿತ್ರಾರ್ಜಿತ ಆದರೂ ಅಪ್ಪನ ಸ್ವಯಾರ್ಜಿತ ಆದರೂ (ವಿಲ್ ಇಲ್ಲದಿದ್ದರೆ) ಲೆಕ್ಕ ಒಂದೇ, ಮೂರನೇ ಒಂದು ಪಾಲು ಅಕ್ಕನದು.

ಎರಡನೇ_ಅಳಿಯ:
ಮದುವೆಗೆ ಖರ್ಚು ಮಾಡಿದ್ದು?

ಶಾರದಕ್ಕ:
ಗಂಡುಮಕ್ಕಳ ಮದುವೆ ಪುಕ್ಕಟೆ ಆಯ್ತಾ?

ಬೆಣ್ಣೆದೋಸೆ:
😂

ಶಾರದಕ್ಕ:
ಮೇಷ್ಟ್ರೇ, ವಂಶವೃಕ್ಷದ ಪ್ರಶ್ನೆಗೆ ಉತ್ತರ ಬರಲಿಲ್ಲ.

ತೆಂಗಿನತೋಟ:
ಇರಲಿಲ್ಲ ಮೇಡಂ. ಅದನ್ನೆಲ್ಲ ಅಣ್ಣನೇ ಮಾಡಿಸಿದ್ದು. ಅಫಿಡವಿಟ್ ಅವನದು. ನಾನು ಆಗ ಬೇರೆ ತಾಲ್ಲೂಕಿನಲ್ಲಿ ಕೆಲಸದಲ್ಲಿದ್ದೆ. ಅಕ್ಕ ಯಾವತ್ತೂ ಕೇಳೋದಿಲ್ಲ ಅಂದುಕೊಂಡಿದ್ದೆವು.

ನಾದಿನಿ:
"ಕೇಳೋದಿಲ್ಲ ಅಂದುಕೊಂಡಿದ್ದೆವು." ನಮ್ಮಣ್ಣಂದಿರೂ ಇದನ್ನೇ ಹೇಳಿದ್ದು, ಅಕ್ಷರ ಬದಲಿಲ್ಲ.

ಧಾರವಾಡ_ಫೇಡೆ:
ವಂಶವೃಕ್ಷದಾಗ ಹೆಣ್ಣುಮಕ್ಕಳನ್ನ ಬಿಡೋದು ನಮ್ಮ ಕಡೆ ಲೆಕ್ಕವಿಲ್ಲದಷ್ಟು ನಡೆಯುತ್ತದೆ. ಗ್ರಾಮ ಲೆಕ್ಕಿಗರು ಊರಿಗೆ ಬಂದು ಮಹಜರು ಮಾಡಬೇಕು. ಪಂಚರು ಯಾರು ಅಂದರೆ ಅಣ್ಣನ ಜೋಡಿ ದಿನಾ ಚಹಾ ಕುಡಿಯುವವರೇ. ಹೆಣ್ಣುಮಗಳು ಐವತ್ತು ಮೈಲಿ ಆಚೆ ಇರುತ್ತಾಳೆ. ತಕರಾರು ಹಾಕೋಕೆ ನೋಟಿಸ್ ಅಂಟಿಸಿದ್ದು ಆಕೆಗೆ ಹೇಗೆ ಗೊತ್ತಾಗಬೇಕು?

ಕೆಂಪುಬಸ್ಸು:
ಸರಿ, ಹೆಸರು ಬಿಟ್ಟಿದ್ದು ತಪ್ಪು. ಆದರೆ ಪ್ರಶ್ನೆ ಅದಲ್ಲ. ಅದು *ಕ್ರಿಮಿನಲ್* ತಪ್ಪಾ? ವಿಭಾಗದ ದಾವೆ ಹಾಕಿ ಪಾಲು ತಗೊಳ್ಳಲಿ. ಖಾತೆ ಮೇಲೆ ಎಸಿ (ಉಪವಿಭಾಗಾಧಿಕಾರಿ) ಕೋರ್ಟಿಗೆ ಅಪೀಲು ಹೋಗಲಿ. ಪೊಲೀಸ್ ಯಾಕೆ?

ಕರಿಕೋಟು:
ಈಗ ವಿಷಯಕ್ಕೆ ಬಂದೆವು. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಮೋಸ ಅಂದರೆ ಸೆಕ್ಷನ್ 415ರ ಪ್ರಕಾರ ಒಬ್ಬರು ಇನ್ನೊಬ್ಬರಿಗೆ ಸುಳ್ಳು ಹೇಳಿ, ಆ ಸುಳ್ಳು ನಂಬಿ ಅವರು ಆಸ್ತಿ ಕೊಡಬೇಕು, ಇಲ್ಲವೇ ತಮಗೇ ಹಾನಿ ಆಗುವಂಥದ್ದೇನೋ ಮಾಡಬೇಕು. ಮೋಸದ ಉದ್ದೇಶ ಶುರುವಿನಲ್ಲೇ ಇರಬೇಕು. ಆಮೇಲೆ ಮಾತು ತಪ್ಪಿದರೆ ಅದು ಮೋಸ ಅಲ್ಲ. ಹೃದಯ ರಂಜನ್ ಪ್ರಸಾದ್ ವರ್ಮಾ ಕೇಸಿನಲ್ಲಿ 2000ನೇ ಇಸವಿಯಲ್ಲೇ ಇದನ್ನು ಹೇಳಿದ್ದಾರೆ.

ಇವರ ಕೇಸಿಗೆ ಹತ್ತಿರದ್ದು 2009ರ ಮಹಮ್ಮದ್ ಇಬ್ರಾಹಿಂ ತೀರ್ಪು, ಬಿಹಾರದ್ದು. ಒಬ್ಬ ತನ್ನದಲ್ಲದ ಜಮೀನನ್ನು ತನ್ನದು ಅಂತ ಮೂರನೆಯವನಿಗೆ ಬರೆದುಕೊಟ್ಟ. ನಿಜವಾದ ಮಾಲೀಕ 420, 467, 471 ಹಾಕಿದ. ಸುಪ್ರೀಂ ಕೋರ್ಟ್ ಏನು ಹೇಳಿತು ಅಂದರೆ, ತನ್ನ ಹೆಸರಲ್ಲೇ, ತನ್ನ ಸಹಿಯಲ್ಲೇ ಬರೆದ ಪತ್ರ "ಸುಳ್ಳು ದಾಖಲೆ" ಆಗೋದಿಲ್ಲ. ಬೇರೆಯವರ ಹಾಗೆ ನಟಿಸಿ ಬರೆದಿದ್ದರೆ ಮಾತ್ರ ಆಗುತ್ತೆ. ಇನ್ನು ಮೋಸ ಹೋದವರು ಯಾರು? ದುಡ್ಡು ಕೊಟ್ಟ ಖರೀದಿದಾರ. ಬೇಕಾದರೆ ಅವನು ದೂರು ಕೊಡಬಹುದು. ಮಾಲೀಕನಿಗೆ ಯಾರೂ ಏನೂ ಸುಳ್ಳು ಹೇಳಿರಲಿಲ್ಲ.

ಆ ಅಳತೆಯಲ್ಲಿ ನೋಡಿದರೆ ಅಣ್ಣ ತಮ್ಮ ಸೇರಿ ಮಾರಿದ್ದು ಅಕ್ಕನ ಪಾಲಿಗೆ ಅನ್ಯಾಯ, ಆದರೆ ಅಕ್ಕನಿಗೆ "ಮೋಸ" ಅಲ್ಲ. ಕ್ವಾಶ್‌ಗೆ ಒಳ್ಳೆಯ ವಾದ ಇದೆ. ವಂಶವೃಕ್ಷದ ಸುಳ್ಳು ಬೇರೆ. ಸರ್ಕಾರಿ ನೌಕರನಿಗೆ ಸುಳ್ಳು ಮಾಹಿತಿ ಕೊಟ್ಟಿದ್ದು 177, ಆದರೆ ಅದಕ್ಕೆ ಆ ಅಧಿಕಾರಿಯೇ ಬರೆದು ದೂರು ಕೊಡಬೇಕು, ಅಕ್ಕ ಕೊಟ್ಟರೆ ನಡೆಯೋದಿಲ್ಲ.

ಎರಡನೇ_ಅಳಿಯ:
ನಾನು ಮೊದಲೇ ಹೇಳಿದ್ದೆನಲ್ಲ!

ಮಂಗಳವಾರ_ಸಂತೆ:
ಕರಿಕೋಟು ಸರ್, ತಹಶೀಲ್ದಾರರಿಗೆ ಸುಳ್ಳು ಹೇಳಿ ಖಾತೆ ಮಾಡಿಸಿಕೊಂಡರೆ ಮೋಸ ಹೋದವರು ತಹಶೀಲ್ದಾರರು, ನಷ್ಟ ಅಕ್ಕನಿಗೆ. ಅದೂ ಮೋಸವೇ ಅಂತ ಆ ಕಡೆ ವಕೀಲರು ವಾದ ಮಾಡೋದಿಲ್ವಾ?

ಕರಿಕೋಟು:
ಮಾಡುತ್ತಾರೆ. ನಾನಾದರೂ ಅದನ್ನೇ ಮಾಡುತ್ತಿದ್ದೆ. ಖಾತೆಯಿಂದ ಹಕ್ಕು ಹುಟ್ಟೋದಿಲ್ಲ, ಹೋಗೋದೂ ಇಲ್ಲ, ಅದು ಕಂದಾಯದ ಲೆಕ್ಕ ಅಷ್ಟೇ ಅಂತ ಇವರ ಕಡೆಯಿಂದ ಉತ್ತರ. ಯಾವ ಕಡೆ ವಾಲುತ್ತೆ ಅನ್ನೋದು ದೂರಿನಲ್ಲಿ ಏನು ಬರೆದಿದ್ದಾರೆ ಅನ್ನೋದರ ಮೇಲೆ.

ಶಾರದಕ್ಕ:
ನನ್ನ ಕಥೆ ಹೇಳ್ತೀನಿ, ನಾನು ದೂರು ಕೊಟ್ಟ ಕಡೆಯವಳು. ಸ್ವಂತ ತಮ್ಮನಿಗೆ ಕೋಳಿ ಶೆಡ್ ಹಾಕೋಕೆ ಅಂತ 6 ಲಕ್ಷ ಕೊಟ್ಟೆ. ಬಳೆ ಅಡ ಇಟ್ಟ ದುಡ್ಡು. ಶೆಡ್ ಹಾಕಿದ, ಕೋಳಿ ಸತ್ತವು, ದುಡ್ಡು ಹೋಯ್ತು. ಒಂದು ಚೆಕ್ ಕೊಟ್ಟಿದ್ದ, ಬೌನ್ಸ್ ಆಯ್ತು. ಯಾರೋ "420 ಹಾಕಿ, ಪೊಲೀಸ್ ಕರೆದರೆ ಎರಡೇ ದಿನದಲ್ಲಿ ದುಡ್ಡು ಬರುತ್ತೆ" ಅಂದರು. ಹಾಕಿದೆ. ಅವನು ಹೈಕೋರ್ಟಿಗೆ ಹೋದ. ಸಾಲ ತಗೊಳ್ಳುವಾಗ ಮೋಸದ ಉದ್ದೇಶ ಇತ್ತು ಅನ್ನೋಕೆ ದೂರಿನಲ್ಲಿ ಒಂದು ಸಾಲೂ ಇಲ್ಲ ಅಂತ ಹೊಡೆದು ಹಾಕಿದರು. ನಿಜವಾಗಿಯೂ ಇರಲಿಲ್ಲ, ಪಾಪ ಶೆಡ್ ಹಾಕಿದ್ದನಲ್ಲ.

ಹೊಟ್ಟೆ ಉರಿಯೋದು ಏನು ಗೊತ್ತಾ? ಚೆಕ್ ಕೇಸ್ ಹಾಕಿದ್ದರೆ ನಿಲ್ಲುತ್ತಿತ್ತು. ಬೌನ್ಸ್ ಆದದ್ದು ಗೊತ್ತಾದ 30 ದಿನದೊಳಗೆ ನೋಟಿಸ್, ಅವನಿಗೆ 15 ದಿನ ಗಡುವು, ಆಮೇಲೆ ಒಂದು ತಿಂಗಳಲ್ಲಿ ದೂರು. ಠಾಣೆಗೆ ಅಲೆಯುವುದರಲ್ಲಿ ಆ ಅವಧಿ ಮುಗಿದೇ ಹೋಯ್ತು.

ಬೆಣ್ಣೆದೋಸೆ:
ಅಯ್ಯೋ ಅಕ್ಕ. ದುಡ್ಡು ಬಂತಾ ಕೊನೆಗೆ?

ಶಾರದಕ್ಕ:
ಒಂದೂವರೆ ಲಕ್ಷ ಬಂದಿದೆ. ಮಾತು ಇನ್ನೂ ಇಲ್ಲ.

ಹಳೇ_ರೈಟರ್:
"ಪೊಲೀಸ್ ಕರೆದರೆ ದುಡ್ಡು ಬರುತ್ತೆ" ಅನ್ನೋದೇ ರೋಗ. ನಾವು ವಸೂಲಿ ಏಜೆಂಟ್‌ಗಳಾ? ಇಂಥ ದೂರು ಬಂದರೆ ಎರಡೂ ಕಡೆ ಕರೆದು ಕೇಳಿ, "ಸಿವಿಲ್ ಸ್ವರೂಪದ್ದು, ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಿ" ಅಂತ ಹಿಂಬರಹ ಕೊಟ್ಟು ಕಳಿಸುತ್ತಿದ್ದೆವು. ಲಲಿತಾ ಕುಮಾರಿ ತೀರ್ಪಿನಲ್ಲೂ ಕುಟುಂಬದ ಜಗಳಗಳಲ್ಲಿ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದು ಅಂತ ಇದೆ. ಹಿಂಬರಹ ತಗೊಂಡು ಹೋದವರು ಪಿಸಿಆರ್ (ಕೋರ್ಟಿಗೆ ಖಾಸಗಿ ದೂರು) ಹಾಕುತ್ತಿದ್ದರು, ಅದು ಕೋರ್ಟಿಂದ ಮತ್ತೆ ನಮ್ಮ ಟೇಬಲ್‌ಗೇ ಬರುತ್ತಿತ್ತು. ಆಗ ಎಫ್‌ಐಆರ್ ಮಾಡಲೇಬೇಕು. ತನಿಖೆಯಲ್ಲಿ ಏನೂ ಇಲ್ಲದಿದ್ದರೆ ಬಿ ರಿಪೋರ್ಟ್, ಅಂದರೆ ಕೇಸ್ ಮುಚ್ಚುವ ವರದಿ. ಮೇಷ್ಟ್ರೇ, ಆ ದಾರಿಯೂ ಇದೆ, ಮರೆಯಬೇಡಿ.

ಧಾರವಾಡ_ಫೇಡೆ:
ಬಿ ರಿಪೋರ್ಟ್ ಹಾಕಿದ ಮೇಲೆ ಆ ಕಡೆಯವರು ತಕರಾರು ಹಾಕುತ್ತಾರೆ, ಮತ್ತೆ ಎರಡು ವರ್ಷ. ನನಗೆ ಗೊತ್ತು ರೀ.

ಕೆಂಪುಬಸ್ಸು:
ಅರ್ಜಿ ಹಾಕಿದ ಕೂಡಲೇ ತನಿಖೆಗೆ ತಡೆ ಸಿಗುತ್ತೆ ತಾನೇ? ಅದು ಸಿಕ್ಕರೆ ಸಾಕು.

ಕರಿಕೋಟು:
ಕೂಡಲೇ ಅಂತ ಇಲ್ಲ. 2021ರ ನಿಹಾರಿಕಾ ತೀರ್ಪು ಓದಿ. ಸುಮ್ನೆ "ಬಲವಂತದ ಕ್ರಮ ಬೇಡ" ಅಂತ ಒಂದು ಸಾಲಿನ ಆದೇಶ ಕೊಡಬೇಡಿ, ಕೊಡೋದಾದರೆ ಕಾರಣ ಬರೆಯಿರಿ ಅಂತ ಹೈಕೋರ್ಟ್‌ಗಳಿಗೆ ಹೇಳಿದ್ದಾರೆ. ಕ್ವಾಶ್ ಅನ್ನೋದು ಅಪರೂಪಕ್ಕೆ ಬಳಸುವ ಅಧಿಕಾರ. ದೂರಿನಲ್ಲಿ ಬರೆದದ್ದೆಲ್ಲ ನಿಜ ಅಂತಲೇ ಇಟ್ಟುಕೊಂಡರೂ ಅಪರಾಧ ಆಗುತ್ತಾ ಅಂತ ನೋಡುತ್ತಾರೆ. ಭಜನ್ ಲಾಲ್ ತೀರ್ಪಿನಲ್ಲಿ ಕೊಟ್ಟ ಏಳು ಸಂದರ್ಭಗಳಲ್ಲಿ ಮೊದಲನೆಯದೇ ಅದು. "ಅವಳು ಹೇಳಿದ್ದು ಸುಳ್ಳು" ಅನ್ನೋದನ್ನ ಅಲ್ಲಿ ಸಾಬೀತು ಮಾಡೋಕೆ ಆಗೋದಿಲ್ಲ, ಅದಕ್ಕೆ ವಿಚಾರಣೆಯೇ ಆಗಬೇಕು. ಅದಕ್ಕೇ ಕೇಳ್ತಾ ಇರೋದು ಮೇಷ್ಟ್ರೇ, ದೂರಿನಲ್ಲಿ ಏನಿದೆ? ವಂಶವೃಕ್ಷ ಮತ್ತು ಕ್ರಯಪತ್ರ ಅಷ್ಟೇನಾ?

ಮಂಗಳವಾರ_ಸಂತೆ:
ಮಧ್ಯೆ ಒಂದು ಪ್ರಶ್ನೆ, ತಿಪಟೂರಲ್ಲಿ ಕೊಬ್ಬರಿ ಈ ವಾರ ಹೇಗಿದೆ? ಹೆಸರು ನೋಡಿ ಕೇಳಿದೆ.

ಬೆಣ್ಣೆದೋಸೆ:
ಅವರ ಮನೆ ಹೊತ್ತಿ ಉರೀತಾ ಇದೆ, ನಿಮಗೆ ಕೊಬ್ಬರಿ.

ತೆಂಗಿನತೋಟ:
ನಮ್ಮದು ಎಳನೀರಿಗೇ ಹೋಗುತ್ತೆ, ಕೊಬ್ಬರಿ ಮಾಡೋದಿಲ್ಲ.

ಕರಿಕೋಟು ಸರ್, ದೂರಿನ ಪ್ರತಿ ಇವತ್ತು ಪೂರ್ತಿ ಓದಿದೆ. ಇನ್ನೊಂದು ವಿಷಯ ಇದೆ. ಖರೀದಿ ಮಾಡುವವರ ವಕೀಲರು "ಹೆಣ್ಣುಮಗಳು ಇದ್ದಾರಂತಲ್ಲ" ಅಂತ ಕೇಳಿದ್ದರಂತೆ. ಆಗ ಅಣ್ಣ ಅಕ್ಕನ ಊರಿಗೆ ಹೋಗಿ ಒಂದು ಛಾಪಾ ಕಾಗದಕ್ಕೆ ಸಹಿ ತಂದಿದ್ದ. "ನನ್ನ ಪಾಲು ಬೇಡ, ಒಪ್ಪಿಗೆ ಇದೆ" ಅಂತ ಅದರಲ್ಲಿದೆ. ಅಕ್ಕ ದೂರಿನಲ್ಲಿ ಹೇಳೋದು, ಅಪ್ಪನ ಬ್ಯಾಂಕ್ ಠೇವಣಿ ಬಿಡಿಸೋಕೆ ಸಹಿ ಬೇಕು ಅಂತ ಹೇಳಿದ, ಓದಿ ಹೇಳಲಿಲ್ಲ ಅಂತ. ಅಕ್ಕ ಓದಿದ್ದು ಮೂರನೇ ಕ್ಲಾಸು.

ನಾದಿನಿ:
ಓಹೋ.

ಶಾರದಕ್ಕ:
ಇದನ್ನ ಮೊದಲ ಪೋಸ್ಟಿನಲ್ಲೇ ಹೇಳಬೇಕಿತ್ತು ಅಲ್ವಾ ಮೇಷ್ಟ್ರೇ?

ಕರಿಕೋಟು:
ಇದು ಇಡೀ ಕೇಸನ್ನೇ ಬದಲಾಯಿಸುತ್ತೆ. ಇಲ್ಲಿ ಸುಳ್ಳು ಹೇಳಿದ್ದು ನೇರವಾಗಿ ಅಕ್ಕನಿಗೆ, ನಂಬಿ ಸಹಿ ಹಾಕಿದ್ದು ಅಕ್ಕ. 415ಕ್ಕೆ ಬೇಕಾದದ್ದೇ ಇದು. ಇನ್ನೊಂದು, 464ರಲ್ಲಿ ಮೂರನೇ ಬಗೆ ಅಂತ ಇದೆ. ಮೋಸದಿಂದ, ಪತ್ರದಲ್ಲಿ ಏನಿದೆ ಅಂತ ತಿಳಿಯದ ಹಾಗೆ ಒಬ್ಬರ ಕೈಯಲ್ಲಿ ಸಹಿ ಹಾಕಿಸಿದರೆ ಅದೂ ಸುಳ್ಳು ದಾಖಲೆಯೇ. ಮಹಮ್ಮದ್ ಇಬ್ರಾಹಿಂ ತೀರ್ಪೇ ಆ ಮೂರು ಬಗೆಯನ್ನೂ ಬಿಡಿಸಿ ಹೇಳುತ್ತೆ. ನಾನು ನಿಮ್ಮ ಪರ ಎತ್ತಿದ ತೀರ್ಪನ್ನೇ ಅವರು ನಿಮ್ಮ ಮೇಲೆ ತಿರುಗಿಸುತ್ತಾರೆ. ಹೈಕೋರ್ಟ್ "ಓದಿ ಹೇಳಿದರೋ ಇಲ್ಲವೋ, ಸಾಕ್ಷಿ ವಿಚಾರಣೆಯಲ್ಲಿ ಗೊತ್ತಾಗಲಿ" ಅಂದುಬಿಡುವ ಸಂಭವ ಜಾಸ್ತಿ.

ವಿಚಿತ್ರ ಏನೆಂದರೆ ಆ ಕಾಗದಕ್ಕೆ ಕಿಲುಬು ಕಾಸಿನ ಬೆಲೆಯೂ ಇಲ್ಲ. ನೂರು ರೂಪಾಯಿ ಮೇಲಿನ ಸ್ಥಿರಾಸ್ತಿಯ ಹಕ್ಕು ಬಿಡುಗಡೆ ನೋಂದಣಿ ಆಗಬೇಕು. ಆಗಿಲ್ಲ ಅಂದರೆ ಪಾಲು ಹೋಗೋದಿಲ್ಲ. ಲಾಭ ಇಲ್ಲದ ಕಾಗದಕ್ಕೆ ಅಣ್ಣ ಅಪರಾಧ ಮೈಮೇಲೆ ಎಳೆದುಕೊಂಡಿದ್ದಾರೆ.

ಮಂಗಳವಾರ_ಸಂತೆ:
ಆದರೆ ಇದು ಎ1ದು. ಎ2 ಏನು ಮಾಡಿದ್ದಾರೆ?

ಕರಿಕೋಟು:
ಅಲ್ಲೇ ಬಂದೆ. ಮೇಷ್ಟ್ರೇ, ನೀವು ಆ ಸಹಿ ಹಾಕಿಸುವಾಗ ಅಲ್ಲಿದ್ದಿರಾ? ದೂರಿನಲ್ಲಿ ನಿಮ್ಮ ಬಗ್ಗೆ ಏನಿದೆ? ಬರೀ "ಇಬ್ಬರೂ ಸೇರಿ" ಅಂತ ಒಂದು ಸಾಲು ಇದ್ದರೆ ನೀವು *ಬೇರೆ* ಕ್ರಿಮಿನಲ್ ಪಿಟಿಷನ್ ಹಾಕಿ, ಬೇರೆ ವಕೀಲರ ಕೈಯಲ್ಲಿ. ನಿಮ್ಮ ಹಿತ, ಅಣ್ಣನ ಹಿತ ಇಲ್ಲಿ ಒಂದೇ ಅಲ್ಲ. ಒಬ್ಬರೇ ವಕೀಲರು ಇಬ್ಬರಿಗೂ ನಿಂತರೆ ನಿಮ್ಮ ವಾದ ಅಣ್ಣನ ವಾದದಲ್ಲಿ ಮುಳುಗುತ್ತೆ.

ಮತ್ತೆ ತನಿಖೆ ಮಾಡಿ ಅಂತ ಮ್ಯಾಜಿಸ್ಟ್ರೇಟರು ಪೊಲೀಸರಿಗೆ ಕೊಟ್ಟ ಬಿಎನ್‌ಎಸ್‌ಎಸ್ 175(3)ರ ಆದೇಶದ ಪ್ರತಿ ತೆಗೆಸಿ. ಅಕ್ಕ ಮೊದಲು ಠಾಣೆಗೆ, ಆಮೇಲೆ ಎಸ್‌ಪಿಗೆ ಕೊಟ್ಟಿದ್ದರಾ, ಅಫಿಡವಿಟ್ ಹಾಕಿದ್ದರಾ, ಮ್ಯಾಜಿಸ್ಟ್ರೇಟರು ಪೊಲೀಸರ ಮಾತು ಕೇಳಿ ಆದೇಶ ಮಾಡಿದ್ದಾರಾ ನೋಡಿ. ಅಲ್ಲಿ ಲೋಪ ಇದ್ದರೆ ಅದೂ ಒಂದು ವಾದ. ಆದರೆ ಅದರಲ್ಲಿ ಗೆದ್ದರೆ ಅಕ್ಕ ಸರಿಯಾಗಿ ಮತ್ತೆ ಹಾಕಬಹುದು.

ತೆಂಗಿನತೋಟ:
ಅಲ್ಲಿರಲಿಲ್ಲ ಸರ್. ಆದರೆ ಆ ಕಾಗದ ಇದೆ ಅಂತ ಗೊತ್ತಿತ್ತು. ಅಣ್ಣನ ಬಿಟ್ಟು ಬೇರೆ ಅರ್ಜಿ ಹಾಕಿದರೆ ಊರಿನಲ್ಲಿ ಏನಂತಾರೆ?

ನಾದಿನಿ:
ಅಕ್ಕನ ಬಿಟ್ಟು ವಂಶವೃಕ್ಷ ಮಾಡಿಸಿದಾಗ ಊರು ಏನಂತು?

ಎರಡನೇ_ಅಳಿಯ:
ಮೇಡಂ, ಅವರೇ ಕಷ್ಟದಲ್ಲಿದ್ದಾರೆ, ಚುಚ್ಚಬೇಡಿ. ಹೆಣ್ಣುಮಕ್ಕಳು ಪಾಲು ಕೇಳಲಿ, ಜೈಲಿಗೆ ಹಾಕಿಸುವ ಮಟ್ಟಕ್ಕೆ ಹೋಗಬೇಕಾ?

ನಾದಿನಿ:
ನಾನು ಪಾಲು ಕೇಳಿ ದಾವೆ ಹಾಕಿ ಒಂಬತ್ತು ವರ್ಷ ಆಯ್ತು ಸರ್. ಒಬ್ಬ ಪ್ರತಿವಾದಿ ಸತ್ತರೆ ವಾರಸುದಾರರನ್ನ ಸೇರಿಸೋಕೆ ಒಂದು ವರ್ಷ, ಕಮಿಷನರ್ ಅಳತೆಗೆ ಇನ್ನೊಂದು. ಇಷ್ಟು ವರ್ಷದಲ್ಲಿ ಅಣ್ಣಂದಿರು ಒಂದು ಸಲವೂ ಫೋನ್ ಮಾಡಿಲ್ಲ. ಪಕ್ಕದ ಮನೆಯವಳು 420 ಹಾಕಿದಳು, ಒಂದು ವಾರದಲ್ಲಿ ಅವಳ ಅಣ್ಣಂದಿರು ಹಣ್ಣು ಹೂವು ಹಿಡಿದು ಬಂದರು. ಯಾರು ದಡ್ಡಿ, ಹೇಳಿ.

ಕೆಂಪುಬಸ್ಸು:
ಸುಪ್ರೀಂ ಕೋರ್ಟ್ 2006ರಲ್ಲಿ ಇಂಡಿಯನ್ ಆಯಿಲ್ ಕೇಸಿನಲ್ಲಿ ಹೇಳಿದ್ದು ಇದನ್ನೇ. ಸಿವಿಲ್ ದಾರಿ ನಿಧಾನ ಅಂತ ಜನ ಎಲ್ಲವನ್ನೂ ಕ್ರಿಮಿನಲ್ ಮಾಡುತ್ತಿದ್ದಾರೆ, ಮನೆ ಜಗಳಗಳಲ್ಲೂ ಇದು ಕಾಣುತ್ತಿದೆ ಅಂತ. ನಾದಿನಿ ಅವರ ಪಕ್ಕದ ಮನೆಯವರು ಅದಕ್ಕೆ ಉದಾಹರಣೆ.

ನಾದಿನಿ:
ನಿಧಾನ ಅಂತ ಒಪ್ಪಿಕೊಂಡರಲ್ಲ, ಅಷ್ಟು ಸಾಕು.

ಹಳೇ_ರೈಟರ್:
ಮೇಷ್ಟ್ರೇ, ಕಾನೂನು ಪಕ್ಕಕ್ಕಿಡಿ. ಹೋದ ಗೌರಿ ಹಬ್ಬಕ್ಕೆ ಅಕ್ಕನಿಗೆ ಬಾಗಿನ ಕೊಟ್ಟಿರಾ?

ತೆಂಗಿನತೋಟ:
ಅಪ್ಪ ಹೋದ ಮೇಲೆ ಎರಡು ವರ್ಷ ಕೊಟ್ಟೆವು. ಆಮೇಲೆ ಇಲ್ಲ.

ಹಳೇ_ರೈಟರ್:
ಹೋಗಿ ಮಾತಾಡಿ. ವಕೀಲರನ್ನ ಕರೆದುಕೊಂಡು ಹೋಗಬೇಡಿ.

ಕರಿಕೋಟು:
ರಾಜಿ ಆದರೆ ಹೇಗೆ ಅನ್ನೋದನ್ನೂ ಹೇಳಿಬಿಡ್ತೀನಿ. 420ನ್ನು ಕೆಳಗಿನ ಕೋರ್ಟಿನಲ್ಲೇ ಅನುಮತಿ ಪಡೆದು ರಾಜಿ ಮಾಡಿಕೊಳ್ಳಬಹುದು. 468, 471 ಆಗೋದಿಲ್ಲ. ಹಾಗಾಗಿ ಹೈಕೋರ್ಟೇ ಬೇಕು. 2012ರ ಗ್ಯಾನ್ ಸಿಂಗ್ ತೀರ್ಪಿನ ಪ್ರಕಾರ ಸಿವಿಲ್ ಸ್ವರೂಪ ಎದ್ದು ಕಾಣುವ ಕುಟುಂಬದ, ಆಸ್ತಿಯ ಜಗಳ ರಾಜಿ ಆದರೆ ರಾಜಿ ಆಗದ ಸೆಕ್ಷನ್ ಇದ್ದರೂ ಹೈಕೋರ್ಟ್ ರದ್ದು ಮಾಡಬಹುದು. ಜಂಟಿ ಮೆಮೊ, ಅಕ್ಕನ ಅಫಿಡವಿಟ್, ಗುರುತಿನ ಚೀಟಿ. ನ್ಯಾಯಾಧೀಶರು ಅಕ್ಕನನ್ನೇ ಕೇಳಬಹುದು, "ಒತ್ತಾಯ ಇಲ್ಲ ತಾನೇ?" ಅಂತ. ಈ ಸಲ ಎಲ್ಲವನ್ನೂ ಓದಿ ಹೇಳಿ ಸಹಿ ಮಾಡಿಸಿ, ದಯವಿಟ್ಟು.

ಬೆಣ್ಣೆದೋಸೆ:
ಕೊನೇ ಸಾಲು 👌

ತೆಂಗಿನತೋಟ: *(ಮೂರು ವಾರದ ನಂತರ)*
ಎಲ್ಲರಿಗೂ ಒಂದು ಅಪ್‌ಡೇಟ್. ಅಕ್ಕನ ಮನೆಗೆ ಒಬ್ಬನೇ ಹೋಗಿದ್ದೆ. ಬಾಗಿಲಲ್ಲೇ ಅರ್ಧ ಗಂಟೆ ನಿಲ್ಲಿಸಿದಳು, ಆಮೇಲೆ ಊಟ ಹಾಕಿದಳು. ಮಾರಿದ 30 ಗುಂಟೆ ಬಗ್ಗೆ ತಕರಾರು ಇಲ್ಲ, ಖರೀದಿ ಮಾಡಿದವರು ಪಾಪ ಅಂತಾಳೆ. ಉಳಿದ ಎರಡೂವರೆ ಎಕರೆಯಲ್ಲಿ 1 ಎಕರೆ 3 ಗುಂಟೆ ಅಳೆದು ನೋಂದಣಿ ಮಾಡಿಕೊಟ್ಟರೆ ಹೈಕೋರ್ಟಿಗೆ ಬಂದು ಹೇಳ್ತೀನಿ ಅಂದಳು. ನಾನು ಬೇರೆ ವಕೀಲರನ್ನ ಇಟ್ಟಿದ್ದೇನೆ. ಅಣ್ಣನಿಗೆ ಹೇಳಿದರೆ ಎದ್ದು ಹೋದ.

ಮಂಗಳವಾರ_ಸಂತೆ:
130 ಗುಂಟೆಗೆ ಮೂರನೇ ಒಂದು ಅಂದರೆ 43. 1 ಎಕರೆ 3 ಗುಂಟೆ. ಮೂರನೇ ಕ್ಲಾಸ್ ಓದಿದ ಅಕ್ಕ ಲೆಕ್ಕ ಸರಿಯಾಗಿಯೇ ಹಾಕಿದ್ದಾರೆ.

ಧಾರವಾಡ_ಫೇಡೆ:
11ಇ ನಕ್ಷೆಗೆ (ಭಾಗ ಮಾಡುವ ಜಮೀನಿನ ಸರ್ವೆ ನಕ್ಷೆ) ಈಗಲೇ ಅರ್ಜಿ ಹಾಕಿ, ಸರ್ವೇಯರ್ ಬರೋದೇ ತಡ.

ಕರಿಕೋಟು:
ಅಣ್ಣ ಸಹಿ ಹಾಕದೆ ವಿಭಾಗ ಪತ್ರ ಆಗೋದಿಲ್ಲ. ಆದರೆ ಎ1ಗೆ ಚಾರ್ಜ್‌ಶೀಟ್ ಬಂದ ದಿನ ಅವರ ಮನಸ್ಸು ಬದಲಾಗಬಹುದು. ಅಲ್ಲಿವರೆಗೆ ನಿಮ್ಮ ಅರ್ಜಿ ನಡೆಯಲಿ. ಅಕ್ಕ ಯಾವ ಕಡೆಯ ಜಾಗ ಕೇಳಿದ್ದಾರೆ?

ತೆಂಗಿನತೋಟ:
ಬಾವಿ ಇರುವ ಕಡೆ.

ಶಾರದಕ್ಕ:
ಮತ್ತೆ, ಬಾವಿ ಬಿಟ್ಟು ಕೇಳ್ತಾರಾ!